ಬೀಗ ಬೇರೆ, ಬೀಗದ ಕೈ ಬೇರೆ

(ದತ್ತಿ ಉಪನ್ಯಾಸದ ಅಚ್ಚಿನ ರೂಪ)



ತಂತ್ರಜ್ಞಾನದ ಒಂದು ವಿಷಯವನ್ನು ವರ್ಷಕ್ಕೊಮ್ಮೆ ಕನ್ನಡದಲ್ಲಿ ಹೇಳಿಸಬೇಕು ಎಂಬುದು ಈ ದತ್ತಿಯ ಆಶಯ. ಎಲೆಕ್ಟ್ರಾನಿಕ್ಸ್ ಪಾಠ ಹೇಳಿ ನಿವೃತ್ತನಾದವನು ನಾನು. ಸಂಚಾಲಕರು ಫೋನ್ ಮಾಡಿ ವಿಷಯ ಕೇಳಿದಾಗ "ಬೀಗದ ಕೈ" ಎಂದೆ. ಅವರು ಒಂದು ಗಳಿಗೆ ಸುಮ್ಮನಿದ್ದು, "ಸರ್, ಕೃತಕ ಬುದ್ಧಿಮತ್ತೆ ಅಂತ ಏನಾದರೂ ಇಟ್ಟುಕೊಂಡರೆ ಜನ ಬರ್ತಾರೆ" ಎಂದರು. ಜನ ಬಂದಿದ್ದೀರಿ. ಕೃತಜ್ಞ.

ಈ ವಸ್ತುವಿಗೆ ಕನ್ನಡದಲ್ಲಿರುವ ಹೆಸರೇ ನನ್ನನ್ನು ಇಲ್ಲಿಗೆ ಎಳೆದು ತಂದದ್ದು. ಮೈಸೂರು ಕಡೆಯವರು ಬೀಗದ ಕೈ ಎನ್ನುತ್ತೇವೆ, ಧಾರವಾಡದ ಕಡೆಯವರು ಕೀಲಿಕೈ ಎನ್ನುತ್ತಾರೆ. ಬೀಗವೋ ಕೀಲಿಯೋ, ಅದಕ್ಕೊಂದು ಕೈ ಉಂಟು. ಆ ಕೈಯನ್ನು ಅದರಿಂದ ಬಿಡಿಸಿಕೊಂಡು ಮನೆಯಾಕೆ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗುತ್ತಾಳೆ. ಬೀಗ ಬಾಗಿಲಲ್ಲೇ ತೂಗುತ್ತಿರುತ್ತದೆ. ಕಳ್ಳ ಅದನ್ನು ನೋಡಬಹುದು, ಜಗ್ಗಬಹುದು, ಅಂಥದ್ದೇ ಇನ್ನೊಂದನ್ನು ಅಂಗಡಿಯಿಂದ ತಂದು ಬಿಚ್ಚಿ ಅಭ್ಯಾಸ ಮಾಡಬಹುದು. ಅದರ ಕೈ ಮಾತ್ರ ಅಲ್ಲಿರುವುದಿಲ್ಲ. ಭದ್ರತೆಯೆಂಬುದು ಈ ಅಗಲಿಕೆಯಲ್ಲಿದೆ. ಗುಟ್ಟಿನ ಮಾತಾಡುವ ಯಂತ್ರಗಳು ಈ ಸರಳ ಸಂಗತಿಯನ್ನು ಕಲಿತುಕೊಂಡ ಕಥೆಯೇ ಇವತ್ತಿನ ಉಪನ್ಯಾಸ. ಪ್ಲಾಸ್ಟಿಕ್ ಕೀಲಿಯಿಂದ ಸ್ಮಾರ್ಟ್ ಕಾರ್ಡಿನವರೆಗೆ ಬಂದ ದಾರಿ ಅದು.

ಉಂಗುರದ ಪಾಠ

ಮೊದಲು ನಮ್ಮ ಮನೆಯ ಮಾತು. 1823ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಕೆಂಪುನಾರಾಯಣ 'ಮುದ್ರಾಮಂಜೂಷ'ವನ್ನು ಬರೆದ. ವಿಶಾಖದತ್ತನ ಸಂಸ್ಕೃತ ನಾಟಕ 'ಮುದ್ರಾರಾಕ್ಷಸ'ದ ಕಥೆಯನ್ನು ಕನ್ನಡ ಗದ್ಯಕ್ಕೆ ತಂದ ಕೃತಿ ಅದು. ಎರಡೂ ಹೆಸರುಗಳಲ್ಲಿ 'ಮುದ್ರೆ' ಇರುವುದು ಸುಮ್ಮನೆ ಅಲ್ಲ. ನಾಟಕದಲ್ಲಿ ನಂದರ ಅಮಾತ್ಯ ರಾಕ್ಷಸ ತನ್ನ ಹೆಂಡತಿಯನ್ನು ಪಾಟಲಿಪುತ್ರದ ರತ್ನವ್ಯಾಪಾರಿ ಚಂದನದಾಸನ ಮನೆಯಲ್ಲಿ ಬಿಟ್ಟು ಹೋಗಿರುತ್ತಾನೆ. ಅವಳ ಬೆರಳಿನಿಂದ ಜಾರಿದ ಮುದ್ರೆಯುಂಗುರ ಗೂಢಚಾರನ ಮೂಲಕ ಚಾಣಕ್ಯನ ಕೈ ಸೇರುತ್ತದೆ. ಚಾಣಕ್ಯ ಸೈನ್ಯ ಹೊರಡಿಸುವುದಿಲ್ಲ. ಒಂದು ಕಾಗದ ಬರೆಸಿ, ಅದರ ಮೇಲೆ ಆ ಉಂಗುರ ಒತ್ತುತ್ತಾನೆ. ಅಷ್ಟರಿಂದಲೇ ರಾಕ್ಷಸನ ಕೂಟ ಒಡೆದುಹೋಗುತ್ತದೆ.

ಮುದ್ರೆ ಒತ್ತಿದವನು ಯಾರು ಎಂದು ಉಂಗುರ ಕೇಳುವುದಿಲ್ಲ. ಯಾರ ಬೆರಳಿನಲ್ಲಿದ್ದರೂ ಅದು ರಾಕ್ಷಸನದೇ ಸಹಿ ಹಾಕುತ್ತದೆ. ಟೋಕನ್ ಎಂದು ಈಗ ನಾವು ಕರೆಯುವ ಪ್ರತಿಯೊಂದು ವಸ್ತುವಿನ ಶಕ್ತಿಯೂ ದೌರ್ಬಲ್ಯವೂ ಇದೇ. ಮುಂದಿನ ಕಥೆಯುದ್ದಕ್ಕೂ ಈ ಉಂಗುರವನ್ನು ನೆನಪಿನಲ್ಲಿಟ್ಟುಕೊಳ್ಳಿ.

ಯಂತ್ರ ಶತ್ರುವಿನ ಕೈಗೆ ಸಿಕ್ಕರೆ?

1883ರಲ್ಲಿ ಆಗಸ್ಟ್ ಕೆರ್ಕ್‌ಹಾಫ್ಸ್ ಎಂಬ ಭಾಷಾ ಪಂಡಿತ ಫ್ರಾನ್ಸಿನ ಒಂದು ಸೇನಾ ಪತ್ರಿಕೆಯಲ್ಲಿ ಗೂಢಲಿಪಿಗೆ ಆರು ನಿಯಮಗಳನ್ನು ಹಾಕಿಕೊಟ್ಟ. ಅವುಗಳಲ್ಲಿ ಎರಡನೆಯದು ಇವತ್ತಿಗೂ ಬದುಕಿದೆ: ಪದ್ಧತಿ ಗುಟ್ಟಾಗಿರಬೇಕಾದ ಅಗತ್ಯ ಇರಬಾರದು, ಅದು ಶತ್ರುವಿನ ಕೈಗೆ ಸಿಕ್ಕರೂ ತೊಂದರೆಯಾಗಬಾರದು. ಗುಟ್ಟೆಲ್ಲ ಕೀಲಿಯಲ್ಲಿ, ಅಂದರೆ ಬೀಗದ ಕೈಯಲ್ಲಿ, ಇರಬೇಕು.

ಮಾತು ಚೆನ್ನಾಗಿದೆ. ಆದರೆ ಕೀಲಿಯನ್ನು ಎಲ್ಲಿಡುವುದು? ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಮತ್ತು ಬ್ರಿಟನ್‌ನ ನಾಯಕರು ಮಾತಾಡಲು ಬಳಸಿದ 'ಸಿಗ್‌ಸ್ಯಾಲಿ' ವ್ಯವಸ್ಥೆಯ ಒಂದೊಂದು ನಿಲ್ದಾಣ ಸುಮಾರು 50 ಟನ್ ತೂಗುತ್ತಿತ್ತು. ಅದರ ಕೀಲಿ ಗ್ರಾಮಫೋನ್ ತಟ್ಟೆಯಲ್ಲಿತ್ತು. ಒಂದೇ ಬಗೆಯ ಗದ್ದಲವನ್ನು ತುಂಬಿದ ಜೋಡಿ ತಟ್ಟೆಗಳನ್ನು ಎರಡು ತುದಿಯಲ್ಲೂ ಒಂದೇ ಕ್ಷಣಕ್ಕೆ ತಿರುಗಿಸಬೇಕು, ಬಳಸಿದ ಮೇಲೆ ನಾಶ ಮಾಡಬೇಕು. ಮುಂದೆ ಬಂದ ಕೆಡಬ್ಲ್ಯು-26 ಎಂಬ ಟೆಲಿಪ್ರಿಂಟರ್ ಗೂಢಲಿಪಿ ಯಂತ್ರದಲ್ಲಿ ದಿನದ ಕೀಲಿ ಒಂದು ತೂತಿನ ಕಾರ್ಡು. ಅದನ್ನು ಇಟ್ಟ ಬಾಗಿಲನ್ನು ತೆರೆದರೆ ಸಾಕು, ಒಳಗಿನ ಕತ್ತಿ ಕಾರ್ಡನ್ನು ಎರಡು ಹೋಳು ಮಾಡುತ್ತಿತ್ತು. ಒಮ್ಮೆ ಬಳಸಿದ ಕೀಲಿ ಎರಡನೇ ಸಲ ಬಳಕೆಯಾಗದಂತೆ ಯಂತ್ರವೇ ಕಾವಲು ಕಾಯುತ್ತಿತ್ತು.

ಬಳಸಿದ ಮೇಲಿನ ಕಾರ್ಡಿಗೆ ಕತ್ತಿ ಉಂಟು. ಬಳಸುವ ಮೊದಲು? ಆ ಪ್ರಶ್ನೆಗೆ ಉತ್ತರ ಸಿಕ್ಕದ್ದು ದುಬಾರಿ ಬೆಲೆಗೆ. 1968ರ ಜನವರಿ 23ರಂದು ಉತ್ತರ ಕೊರಿಯಾ ಅಮೆರಿಕದ ಗೂಢಚರ್ಯೆ ಹಡಗು 'ಪ್ಯೂಬ್ಲೋ'ವನ್ನು ಹಿಡಿಯಿತು. ಹಡಗಿನಲ್ಲಿದ್ದ ಗೂಢಲಿಪಿ ಯಂತ್ರಗಳೂ ಸಿಕ್ಕವು. ಕೆರ್ಕ್‌ಹಾಫ್ಸ್ ಹೇಳಿದ್ದ ಪರೀಕ್ಷೆ ಇದೇ. ಯಂತ್ರ ಹೋದರೆ ಹೋಗಲಿ, ಕೀಲಿ ಬದಲಾಗುತ್ತಲೇ ಇರುತ್ತದಲ್ಲ ಎಂದುಕೊಳ್ಳಬಹುದಿತ್ತು. ಆದರೆ ಅದಕ್ಕೆ ಸ್ವಲ್ಪ ಕಾಲ ಮೊದಲು, ಅಮೆರಿಕದ ನೌಕಾಪಡೆಯಲ್ಲಿ ಸಂವಹನದ ಕೆಲಸದಲ್ಲಿದ್ದ ಜಾನ್ ವಾಕರ್ ಎಂಬ ಅಧಿಕಾರಿ ವಾಷಿಂಗ್ಟನ್‌ನ ಸೋವಿಯತ್ ರಾಯಭಾರ ಕಚೇರಿಯೊಳಕ್ಕೆ ತಾನೇ ನಡೆದು ಹೋಗಿದ್ದ. ಕೀಲಿಪಟ್ಟಿಗಳು ಅವನ ವಶದಲ್ಲೇ ಇರುತ್ತಿದ್ದವು. ಅವುಗಳನ್ನು ಪುಟ್ಟ ಕ್ಯಾಮೆರಾದಲ್ಲಿ ತೆಗೆದು ಮಾರಿದ. ತಾನು ನಿವೃತ್ತನಾದ ಮೇಲೂ ಸ್ನೇಹಿತನನ್ನು, ಅಣ್ಣನನ್ನು, ಮಗನನ್ನು ಸೇರಿಸಿಕೊಂಡು ದಂಧೆ ಮುಂದುವರಿಸಿದ. 1985ರ ಮೇ ತಿಂಗಳಲ್ಲಿ ಸಿಕ್ಕಿಬೀಳುವವರೆಗೆ ಹದಿನೇಳು ವರ್ಷಕ್ಕೂ ಹೆಚ್ಚು ಕಾಲ ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು.

ಇಲ್ಲಿ ಗಣಿತ ಸೋಲಲಿಲ್ಲ. ಸೋತದ್ದು ಕಾಗದ. ಕಾಗದದ ಮೇಲಿನ ಕೀಲಿಯನ್ನು ಓದಬಹುದು. ಓದಬಹುದಾದದ್ದನ್ನು ನಕಲು ಮಾಡಬಹುದು. ನಕಲಾದ ಕಾಗದದ ಮೇಲೆ ಗುರುತೇ ಉಳಿಯುವುದಿಲ್ಲ. ಉಂಗುರ ಕಳುವಾದರೆ ಬೆರಳು ಬರಿದಾಗುತ್ತದೆ, ಗೊತ್ತಾಗುತ್ತದೆ. ಕೀಲಿಪಟ್ಟಿ ಕಳುವಾದರೂ ಕಪಾಟಿನಲ್ಲೇ ಇರುತ್ತದೆ.

ಒಂದು ಪ್ಲಾಸ್ಟಿಕ್ ಕೀಲಿ

ವಾಕರ್ ಸಿಕ್ಕಿಬೀಳುವ ಮೊದಲೇ ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ, ಎನ್‌ಎಸ್‌ಎ, ಹೊಸ ಬಗೆಯ ಗುಟ್ಟಿನ ದೂರವಾಣಿಯ ಕೆಲಸ ಶುರುಮಾಡಿತ್ತು. 1987ರಲ್ಲಿ ಅದು ಬಳಕೆಗೆ ಬಂತು: ಎಸ್‌ಟಿಯು-3. ಎಟಿ ಅಂಡ್ ಟಿ, ಮೊಟೊರೊಲಾ, ಆರ್‌ಸಿಎ ಮೂರೂ ಕಂಪನಿಗಳು ಅದನ್ನು ತಯಾರಿಸಿದವು. ನೋಡಲು ಆಫೀಸಿನ ಮೇಜಿನ ಮೇಲಿನ ದಪ್ಪ ಟೆಲಿಫೋನ್, ಅಷ್ಟೆ. ಒಂದು ಬದಿಯಲ್ಲಿ ಮಾತ್ರ ಕೀಲಿ ತೂರಿಸುವ ಕಿಂಡಿ.

ಆ ಕಿಂಡಿಗೆ ಹೋಗುವ ವಸ್ತುವಿನ ಹೆಸರು ಕೆಎಸ್‌ಡಿ-64. ಡೇಟಾಕೀ ಎಂಬ ಕಂಪನಿಯದು. ಮನೆ ಬಾಗಿಲ ಕೀಲಿಯ ಆಕಾರದ ಪ್ಲಾಸ್ಟಿಕ್ ತುಂಡು, ಅಂಚಿನುದ್ದಕ್ಕೂ ಲೋಹದ ಸಣ್ಣ ಸಣ್ಣ ಸಂಪರ್ಕಗಳು, ಒಳಗೆ 64 ಕಿಲೋಬಿಟ್, ಅಂದರೆ 8 ಕಿಲೋಬೈಟಿನ ಮೆಮೊರಿ ಚಿಪ್ಪು. ಕಿಂಡಿಗೆ ಹಾಕಿ ತಿರುಗಿಸಿದರೆ ಫೋನ್ ಎಚ್ಚರವಾಗುತ್ತದೆ. ಎಂಜಿನಿಯರುಗಳು ಇದನ್ನು 'ಕ್ರಿಪ್ಟೊ ಇಗ್ನಿಷನ್ ಕೀ' ಎಂದು ಕರೆದರು. ಕಾರಿನ ಚಾಬಿಯ ಹೆಸರೇ.

ಈ ಕೀಲಿಯೊಳಗೆ ಏನಿತ್ತು ಎಂಬುದೇ ಸ್ವಾರಸ್ಯ. ಮಾತನ್ನು ಮರೆಮಾಡುವ ಕೀಲಿ ಅದರಲ್ಲಿರಲಿಲ್ಲ, ಅದು ಫೋನಿನ ಒಳಗೇ ಇತ್ತು. ಆದರೆ ಬೀಗ ಹಾಕಿದ ಸ್ಥಿತಿಯಲ್ಲಿ. ಫೋನ್ ತಾನೇ ಒಂದು ಯಾದೃಚ್ಛಿಕ ಸಂಖ್ಯೆ ಹುಟ್ಟಿಸಿ, ಅದರಿಂದ ತನ್ನೊಳಗಿನ ಕೀಲಿಯನ್ನು ಗೂಢಲಿಪಿಗೆ ತಿರುಗಿಸಿ, ಆ ಸಂಖ್ಯೆಯನ್ನು ಪ್ಲಾಸ್ಟಿಕ್ ತುಂಡಿಗೆ ಬರೆದು ಕೊಡುತ್ತಿತ್ತು. ಫೋನನ್ನು ಹೊತ್ತುಕೊಂಡು ಹೋದವನಿಗೆ ಅರ್ಥವಿಲ್ಲದ ಬಿಟ್ಟುಗಳು ಸಿಗುತ್ತವೆ. ಪ್ಲಾಸ್ಟಿಕ್ ಕದ್ದವನಿಗೆ ಯಾವ ಬೀಗದ್ದೆಂದು ಗೊತ್ತಿಲ್ಲದ ಒಂದು ಸಂಖ್ಯೆ ಸಿಗುತ್ತದೆ. ಎರಡೂ ಕೂಡಿದಾಗ ಮಾತ್ರ ಗುಟ್ಟು. ಬ್ಯಾಂಕಿನ ಲಾಕರ್ ಕೋಣೆಗೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬ್ಯಾಂಕಿನವರು ತಮ್ಮ ಕೈ ತಿರುಗಿಸಬೇಕು, ನಾವು ನಮ್ಮ ಕೈ ತಿರುಗಿಸಬೇಕು. ಒಂದೇ ಕೈಯಿಂದ ಬಾಗಿಲು ತೆರೆಯದು.

ಪ್ಲಾಸ್ಟಿಕ್ ಕೀಲಿಯನ್ನು ತೆಗೆದುಬಿಟ್ಟರೆ ಎಸ್‌ಟಿಯು-3 ಒಂದು ಮಾಮೂಲಿ ಟೆಲಿಫೋನ್. ಮಗಳ ಶಾಲೆಗೂ ಅದರಿಂದಲೇ ಫೋನ್ ಮಾಡಬಹುದು. ಗುಟ್ಟಿನ ಯಂತ್ರವನ್ನು ಬಂದೂಕಿನ ಕಾವಲಿನ ಕೋಣೆಯಿಂದ ಹೊರತಂದು ಅಧಿಕಾರಿಯ ಮೇಜಿನ ಮೇಲಿಟ್ಟದ್ದು ಈ ಸಣ್ಣ ತುಂಡು.

ಕೀಲಿಯನ್ನು ಹಂಚುವ ಕ್ರಮವೂ ಬದಲಾಯಿತು. ಮೊದಲು ಒಂದು 'ಸೀಡ್ ಕೀ', ಬೀಜದ ಕೀಲಿ, ಕಾವಲಿನ ದಾರಿಯಲ್ಲಿ ಬರುತ್ತಿತ್ತು. ಅದನ್ನು ಫೋನಿಗೆ ತುಂಬಿ ಕೇಂದ್ರಕ್ಕೆ ಕರೆ ಮಾಡಿದರೆ, ತಂತಿಯ ಮೇಲೇ ಬೀಜ ಮೊಳೆತು ಕೆಲಸದ ಕೀಲಿಯಾಗುತ್ತಿತ್ತು. ಆಮೇಲೆ ಇಬ್ಬರು ಮಾತಾಡುವಾಗ ಒಬ್ಬರು ಗುಂಡಿ ಒತ್ತುತ್ತಾರೆ, ಎರಡೂ ಫೋನುಗಳು ಕೆಲವು ಸೆಕೆಂಡು ತಮ್ಮತಮ್ಮಲ್ಲೇ ಕಿಚಪಿಚ ಮಾಡಿಕೊಂಡು ಆ ಒಂದು ಕರೆಗೆಂದೇ ಹೊಸ ಕೀಲಿ ಕಟ್ಟಿಕೊಳ್ಳುತ್ತವೆ, ಪರದೆಯ ಮೇಲೆ ಆ ಕಡೆ ಇರುವವರು ಯಾರು, ಎಷ್ಟು ಗುಟ್ಟಿನವರೆಗೆ ಮಾತಾಡಬಹುದು ಎಂದು ಮೂಡುತ್ತದೆ. ಸೆಕೆಂಡಿಗೆ 2400 ಬಿಟ್‌ಗೆ ಹಿಂಡಿದ ದನಿ ಮನುಷ್ಯರದೆನ್ನಿಸುವುದು ಕಷ್ಟವಿತ್ತು. ಆದರೆ ವಾಕರ್‌ನಂಥವನ ಕ್ಯಾಮೆರಾಕ್ಕೆ ತೆಗೆಯಲು ಪಟ್ಟಿಯೇ ಇರಲಿಲ್ಲ.

ಉಪಾಧ್ಯಾಯನಾಗಿ ಒಂದು ಕೊರತೆ ಹೇಳಬೇಕು. ಕೆಎಸ್‌ಡಿ-64 ಮೂಕ ವಸ್ತು. ಅದರಲ್ಲಿ ಮೆಮೊರಿ ಇತ್ತು, ಬುದ್ಧಿ ಇರಲಿಲ್ಲ. ಕೇಳಿದವರಿಗೆಲ್ಲ ತನ್ನ ಸಂಖ್ಯೆಯನ್ನು ಹೇಳಿಬಿಡುತ್ತಿತ್ತು.

ಹೇಳದೆ ತೋರಿಸುವ ವಿದ್ಯೆ

ಆ ಬುದ್ಧಿ ಅಷ್ಟರಲ್ಲಿ ಯೂರೋಪಿನಲ್ಲಿ ಬೇರೆ ಕಾರಣಕ್ಕೆ ಬೆಳೆಯುತ್ತಿತ್ತು. ಜರ್ಮನಿಯ ಯೂರ್ಗೆನ್ ಡೆಟ್‌ಲಾಫ್ ಮತ್ತು ಹೆಲ್ಮುಟ್ ಗ್ರೋಟ್ರುಪ್ 1960ರ ದಶಕದ ಕೊನೆಯಲ್ಲೇ ಚಿಪ್ಪನ್ನು ಗುರುತಿನ ವಸ್ತುವಾಗಿಸುವ ಪೇಟೆಂಟ್ ಕೇಳಿದ್ದರು. 1974ರ ಮಾರ್ಚಿನಲ್ಲಿ ಫ್ರಾನ್ಸಿನ ರೋಲಾಂ ಮೊರೆನೊ ತನ್ನ ಮೆಮೊರಿ ಕಾರ್ಡಿಗೆ ಪೇಟೆಂಟ್ ಅರ್ಜಿ ಹಾಕಿದ. ಅದರ ಮೊದಲ ಮಾದರಿಯಲ್ಲಿ ಚಿಪ್ಪನ್ನು ಅವನು ಉಂಗುರಕ್ಕೆ ಕೂರಿಸಿದ್ದ. ನಮ್ಮ ಮುದ್ರೆಯುಂಗುರ ನೆನಪಾಗುತ್ತದಲ್ಲವೇ? ಬುಲ್ ಕಂಪನಿಯ ಮಿಶೆಲ್ ಊಗಾಂ ಅದಕ್ಕೆ ಪ್ರೊಸೆಸರ್ ಸೇರಿಸಿದ. 1979ರ ಕಾರ್ಡಿನಲ್ಲಿ ಎರಡು ಚಿಪ್ಪುಗಳಿದ್ದವು, ಪ್ರೊಸೆಸರ್ ಒಂದು, ಮೆಮೊರಿ ಇನ್ನೊಂದು. ಎರಡರ ನಡುವಿನ ತಂತಿಗೆ ಕಿವಿಗೊಟ್ಟರೆ ಗುಟ್ಟು ಕೇಳಿಸುತ್ತದೆ. ಹಾಗಾಗಿ ಎರಡನ್ನೂ ಒಂದೇ ಚಿಪ್ಪಿಗೆ ಇಳಿಸಿದರು.

ಸ್ಮಾರ್ಟ್ ಕಾರ್ಡ್ ಹುಟ್ಟಿದ್ದು ಅಲ್ಲಿ. ಅದರ ಜಾಣತನ ಇಷ್ಟು. ಎದುರಿನವನು "ನಿನ್ನ ಗುಟ್ಟೇನು?" ಎಂದು ಕೇಳಿದರೆ ಅದು ಹೇಳುವುದಿಲ್ಲ. "ಬೇಕಾದರೆ ಒಂದು ಸಂಖ್ಯೆ ಕೊಡು, ನನ್ನ ಗುಟ್ಟಿನೊಂದಿಗೆ ಕಲಸಿ ಉತ್ತರ ಕೊಡುತ್ತೇನೆ" ಎನ್ನುತ್ತದೆ. ಪ್ರತಿ ಸಲ ಬೇರೆ ಸಂಖ್ಯೆ, ಬೇರೆ ಉತ್ತರ. ಕದ್ದು ಕೇಳಿದವನಿಗೆ ನಿನ್ನೆಯ ಉತ್ತರ ಇವತ್ತು ಪ್ರಯೋಜನಕ್ಕಿಲ್ಲ. ಒಗಟು ಹಾಕಿ ಬೀಗರನ್ನು ಒಳಗೆ ಬಿಟ್ಟುಕೊಳ್ಳುತ್ತಿದ್ದ ನಮ್ಮ ಮದುವೆ ಮನೆಗಳ ರೀತಿ ಇದು. ಜೊತೆಗೆ ಪಿನ್ ಸಂಖ್ಯೆಯನ್ನು ಕಾರ್ಡೇ ಪರೀಕ್ಷಿಸುತ್ತದೆ, ಸಾಮಾನ್ಯವಾಗಿ ಮೂರು ಸಲ ತಪ್ಪಿದರೆ ಬಾಯಿ ಮುಚ್ಚಿಕೊಳ್ಳುತ್ತದೆ. ಯಾರ ಬೆರಳಿನಲ್ಲಿದ್ದೇನೆ ಎಂದು ಕೇಳದ ರಾಕ್ಷಸನ ಉಂಗುರಕ್ಕೆ ಕೊನೆಗೂ ಕೇಳುವ ಬುದ್ಧಿ ಬಂತು.

ಆದರೆ ಆ ಕಾಲದ ಕಾರ್ಡು ಬಡವ. ಬಗ್ಗಿದರೂ ಒಡೆಯಬಾರದೆಂದು ಚಿಪ್ಪು ಸುಮಾರು 25 ಚದರ ಮಿಲಿಮೀಟರ್ ಮೀರುವಂತಿರಲಿಲ್ಲ. 8 ಬಿಟ್ ಪ್ರೊಸೆಸರ್, ನೂರಿನ ಲೆಕ್ಕದ ಬೈಟುಗಳ ಕೆಲಸದ ಮೆಮೊರಿ. ಸಹಿ ಹಾಕುವ ದೊಡ್ಡ ಸಂಖ್ಯೆಗಳ ಗಣಿತಕ್ಕೆ ಅದು ಏದುಸಿರು ಬಿಡುತ್ತಿತ್ತು.

ದಪ್ಪ ಕಾರ್ಡು, ಮೂರನೆಯ ಕೈ

ಆದ್ದರಿಂದ 1990ರ ದಶಕದಲ್ಲಿ ಎನ್‌ಎಸ್‌ಎ ಕಾರ್ಡನ್ನು ದಪ್ಪ ಮಾಡಿತು. ಅದೇ ಫೋರ್ಟೆಜ್ಜಾ. ಉದ್ದ ಅಗಲ ಬ್ಯಾಂಕ್ ಕಾರ್ಡಿನದೇ, 85.6 × 54 ಮಿಲಿಮೀಟರ್. ದಪ್ಪ ಮಾತ್ರ 0.76 ಮಿಲಿಮೀಟರಿನ ಹಲವು ಪಟ್ಟು. ಲ್ಯಾಪ್‌ಟಾಪಿನ ಪಿಸಿ ಕಾರ್ಡ್ ಕಿಂಡಿಗೆ ಹೋಗುವಂಥದ್ದು. ಎಸ್‌ಟಿಯು-3ರ ನಂತರ ಬಂದ ಎಸ್‌ಟಿಇ ದೂರವಾಣಿ ಇದೇ ಜಾತಿಯ ಕಾರ್ಡನ್ನು ಬಳಸಿತು. ಆ ಫೋನಿನಲ್ಲಿ ಗೂಢಲಿಪಿಯ ಭಾಗವೇ ಇರಲಿಲ್ಲ, ಎಲ್ಲವೂ ಕಾರ್ಡಿನಲ್ಲಿ. ಕೈ ತೆಗೆದರೆ ಬೀಗವೂ ಅದರೊಂದಿಗೆ ಹೊರಟುಹೋಗುತ್ತಿತ್ತು. 2009ರ ಕೊನೆಗೆ ಎಸ್‌ಟಿಯು-3ಗಳಿಗೆ ಕೀಲಿ ಕೊಡುವುದನ್ನೇ ನಿಲ್ಲಿಸಿದರು.

ಈ ಕಾರ್ಡಿನ ಹಿಂದೆ ಒಂದು ರಾಜಕೀಯವೂ ಇತ್ತು. ಅದರ ಚಿಪ್ಪಿನಲ್ಲಿದ್ದ ಸ್ಕಿಪ್‌ಜ್ಯಾಕ್ ಎಂಬ 80 ಬಿಟ್ ಕೀಲಿಯ ಕ್ರಮವನ್ನೇ 1993ರ ಏಪ್ರಿಲಿನಲ್ಲಿ ಘೋಷಿಸಿದ ಕ್ಲಿಪ್ಪರ್ ಚಿಪ್ಪಿಗೂ ಹಾಕಿದ್ದರು. ಸಾರ್ವಜನಿಕರ ಫೋನುಗಳಲ್ಲಿ ಈ ಚಿಪ್ಪಿರಲಿ, ಅಪರಾಧ ತನಿಖೆಗೆ ಬೇಕಾದಾಗ ತೆರೆಯಲು ಸರ್ಕಾರದ ಬಳಿ ಒಂದು ನಕಲು ಕೈ ಇರಲಿ ಎಂಬುದು ಯೋಜನೆ. ಅಂದರೆ ಮೂರನೆಯ ಕೈ. ಗಮನಿಸಿ, ಸರ್ಕಾರ ಕೂಡ ತನ್ನನ್ನು ತಾನು ಪೂರ್ತಿ ನಂಬಲಿಲ್ಲ. ಆ ನಕಲು ಕೈಯನ್ನು ಎರಡು ಭಾಗ ಮಾಡಿ ಎರಡು ಬೇರೆ ಇಲಾಖೆಗಳಿಗೆ ಕೊಡಬೇಕೆಂದಿತ್ತು.

1994ರಲ್ಲಿ ಮ್ಯಾಟ್ ಬ್ಲೇಜ್ ಎಂಬ ಸಂಶೋಧಕ ಈ ಕಾರ್ಡಿನ ಮೊದಲ ಮಾದರಿಯನ್ನೇ ಇಟ್ಟುಕೊಂಡು ಪ್ರಯೋಗ ಮಾಡಿದ. ಮೂರನೆಯ ಕೈಗೆ ದಾರಿ ಬಿಡುವ ಗುರುತನ್ನು ಕಾಯುತ್ತಿದ್ದದ್ದು ಬರೀ 16 ಬಿಟ್ಟಿನ ತಾಳೆ ಸಂಖ್ಯೆ. 65,536 ಸಾಧ್ಯತೆಗಳು, ಅಷ್ಟೇ. ಪ್ರಯತ್ನಿಸುತ್ತಾ ಹೋದರೆ ಸುಳ್ಳು ಗುರುತನ್ನೂ ಚಿಪ್ಪು ಒಪ್ಪಿಕೊಳ್ಳುತ್ತಿತ್ತು. ಬೀಗ ಹಾಕಬಹುದು, ಮೂರನೆಯ ಕೈಗೆ ಮಾತ್ರ ಅದು ತೆರೆಯದಂತೆ ಮಾಡಬಹುದು. ಯೋಜನೆ ಜನರ ವಿರೋಧದಲ್ಲಿ ಮೊದಲೇ ಬಳಲಿತ್ತು, ಮುಂದೆ ಮೇಲೇಳಲಿಲ್ಲ. 1998ರಲ್ಲಿ ಸ್ಕಿಪ್‌ಜ್ಯಾಕಿನ ಗುಟ್ಟನ್ನೂ ಬಿಟ್ಟುಕೊಟ್ಟರು.

ಎಲ್ಲರ ಜೇಬಿಗೂ ಬಂದ ಟೋಕನ್

ಗುಟ್ಟಿನ ಮಾತಿಗೆ ಸ್ಮಾರ್ಟ್ ಕಾರ್ಡ್ ಬಳಸುವುದು ಸೇನಾಧಿಕಾರಿಗಳ ಸ್ವತ್ತಾಗಿ ಉಳಿಯಲಿಲ್ಲ. 1991ರಲ್ಲಿ ಜರ್ಮನಿಯ ಗೀಸೆಕೆ ಅಂಡ್ ಡೆವ್ರಿಯೆಂಟ್ ಕಂಪನಿ ಫಿನ್ಲೆಂಡಿನ ರೇಡಿಯೊಲಿನ್ಯಾಗೆ ಮೊದಲ 300 ಸಿಮ್ ಕಾರ್ಡುಗಳನ್ನು ಮಾರಿತು. ಈ ಸಭೆಯಲ್ಲಿ ಕುಳಿತ ನಿಮ್ಮ ಜೇಬಿನಲ್ಲೂ ಅದರ ಮೊಮ್ಮಕ್ಕಳಿದ್ದಾರೆ. ಜಿಎಸ್‌ಎಂ ಸಿಮ್ಮಿನೊಳಗೆ 128 ಬಿಟ್ಟಿನ ಒಂದು ಗುಟ್ಟು. ಜಾಲ 128 ಬಿಟ್ಟಿನ ಒಗಟು ಕಳಿಸುತ್ತದೆ, ಸಿಮ್ 32 ಬಿಟ್ಟಿನ ಉತ್ತರ ಕೊಡುತ್ತದೆ, ಜೊತೆಗೆ ಗಾಳಿಯಲ್ಲಿ ಹೋಗುವ ಮಾತನ್ನು ಮರೆಮಾಡಲು 64 ಬಿಟ್ಟಿನ ಕೀಲಿಯನ್ನು ಫೋನಿಗೆ ಕೊಡುತ್ತದೆ. ಗುಟ್ಟು ಸಿಮ್ ಬಿಟ್ಟು ಹೊರಬರುವುದಿಲ್ಲ.

ಒಂದು ಲೋಪವಿತ್ತು. ಅಶೋಕವನದಲ್ಲಿ ಹನುಮಂತ ಉಂಗುರ ಕೊಟ್ಟ ಮೇಲೆ ಸೀತೆ ನಂಬಿದಳು. ಅವಳು ಕೊಟ್ಟ ಚೂಡಾಮಣಿಯನ್ನು ನೋಡಿದ ಮೇಲೆ ರಾಮ ನಂಬಿದ. ಗುರುತು ಎರಡೂ ಕಡೆಯಿಂದ ನಡೆಯಿತು. ಜಿಎಸ್‌ಎಂನಲ್ಲಿ ಫೋನು ತನ್ನ ಉಂಗುರವನ್ನು ಜಾಲಕ್ಕೆ ತೋರಿಸಬೇಕು, ಜಾಲ ಮಾತ್ರ ಚೂಡಾಮಣಿ ತೋರಿಸಬೇಕಿಲ್ಲ. ಹಾಗಾಗಿ ಸುಳ್ಳು ಟವರ್ ನಿಲ್ಲಿಸಿದವನನ್ನೂ ಫೋನು ನಂಬಿತು. ಮೂರನೇ ತಲೆಮಾರಿನ ಜಾಲದಲ್ಲಿ ಇದನ್ನು ಸರಿಪಡಿಸಿದರು.

ಕೆರ್ಕ್‌ಹಾಫ್ಸ್‌ನ ಪಾಠವನ್ನು ಮರೆತದ್ದಕ್ಕೂ ದಂಡ ಬಿತ್ತು. ಅನೇಕ ಕಂಪನಿಗಳು ಸಿಮ್ಮಿನಲ್ಲಿ ಹಾಕಿದ್ದ ಕಾಂಪ್-128 ಎಂಬ ಕ್ರಮವನ್ನು ಗುಟ್ಟಾಗಿಟ್ಟಿದ್ದವು. 1998ರಲ್ಲಿ ಅದು ಹೊರಬಿದ್ದಾಗ ಬರ್ಕ್ಲಿಯ ಸಂಶೋಧಕರು ಸುಮಾರು 1,50,000 ಒಗಟು ಕೇಳಿ ಸಿಮ್ಮಿನ ಗುಟ್ಟನ್ನು ಹೊರಗೆಳೆದರು. ಕಾರ್ಡು ಗುಟ್ಟು ಹೇಳಲಿಲ್ಲ, ಉತ್ತರಗಳು ಹೇಳಿದವು.

ಅದೇ ಕಾಲಕ್ಕೆ ಪಾಲ್ ಕೋಚರ್ ಮತ್ತು ಸಂಗಡಿಗರು ಇನ್ನೂ ಸೂಕ್ಷ್ಮವಾದ ದಾರಿ ತೋರಿಸಿದರು. ಸ್ಮಾರ್ಟ್ ಕಾರ್ಡಿಗೆ ಸ್ವಂತ ಬ್ಯಾಟರಿ ಇಲ್ಲ, ರೀಡರ್ ಕೊಟ್ಟ ವಿದ್ಯುತ್ತಿನಲ್ಲೇ ಬದುಕಬೇಕು. ಲೆಕ್ಕ ಮಾಡುವಾಗ ಎಷ್ಟು ವಿದ್ಯುತ್ ಎಳೆಯುತ್ತದೆ ಎಂಬುದನ್ನು ಸಾವಿರಾರು ಸಲ ಅಳೆದು ತಾಳೆ ಹಾಕಿದರೆ ಕೀಲಿಯ ಬಿಟ್ಟುಗಳು ಮೇಲೆ ತೇಲುತ್ತವೆ. ಅನ್ನ ಹಾಕುವವನೇ ನಾಡಿ ಹಿಡಿದು ನೋಡಿದ ಹಾಗೆ. ಆಮೇಲಿನ ಕಾರ್ಡುಗಳು ತಮ್ಮ ನಾಡಿಯನ್ನೂ ಮರೆಸುವುದನ್ನು ಕಲಿಯಬೇಕಾಯಿತು.

ನಮ್ಮ ಮೇಜಿನ ಮೇಲೆ

ಇಷ್ಟೆಲ್ಲ ಹೇಳಿ ದೂರ ದೇಶದ ಕಥೆ ಎಂದು ಮುಗಿಸುವಂತಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ನಮ್ಮಲ್ಲಿ ಡಿಜಿಟಲ್ ಸಹಿಗೆ ಮಾನ್ಯತೆ ಕೊಟ್ಟಿತು. ಆ ಸಹಿಯ ಕೀಲಿ ಸಾಮಾನ್ಯವಾಗಿ ಇರುವುದು ಬೆರಳುದ್ದದ ಯುಎಸ್‌ಬಿ ಟೋಕನ್ನಿನಲ್ಲಿ. ನಮ್ಮ ಆಫೀಸುಗಳಲ್ಲಿ ಅದಕ್ಕೆ 'ಡಾಂಗಲ್' ಎಂದೇ ಹೆಸರು. ಅದನ್ನು ಬಿಚ್ಚಿದರೆ ಒಳಗೆ ಸ್ಮಾರ್ಟ್ ಕಾರ್ಡಿನದೇ ಜಾತಿಯ ಚಿಪ್ಪು. ಕೀಲಿ ಅದರೊಳಗೇ ಹುಟ್ಟುತ್ತದೆ, ಅದರೊಳಗೇ ಸಹಿ ಹಾಕುತ್ತದೆ, ಹೊರಗೆ ಬರುವುದಿಲ್ಲ. ಎಸ್‌ಟಿಯು-3, ಮೊರೆನೊ, ಊಗಾಂ, ಕೋಚರ್ ಎಲ್ಲರ ಪಾಠವೂ ಆ ಬೆರಳುದ್ದದ ವಸ್ತುವಿನಲ್ಲಿದೆ.

ಎಸ್‌ಟಿಯು-3 ಬಳಸುತ್ತಿದ್ದವರಿಗೆ ಒಂದು ನಿಯಮವಿತ್ತು. ಫೋನಿನಲ್ಲಿ ಕೀಲಿ ಬಿಟ್ಟು ಕೋಣೆಯಿಂದ ಎದ್ದು ಹೋಗುವಂತಿಲ್ಲ. ಹೊಸ ಗಣಿತ, ಹೊಸ ಚಿಪ್ಪು ಎಲ್ಲ ಬಂದ ಮೇಲೂ ಕೊನೆಯ ಕೆಲಸ ಮನುಷ್ಯನದೇ: ಎದ್ದು ಹೋಗುವಾಗ ಕೈಯನ್ನು ಬಿಡಿಸಿಕೊಂಡು ಹೋಗುವುದು.

ಹೋದ ವರ್ಷ ಒಂದು ದಾಖಲೆಗಾಗಿ ಒಂದು ಕಚೇರಿಗೆ ಹೋಗಿದ್ದೆ. ಸಹಿ ಮಾಡಬೇಕಾದವರು ಸಭೆಗೆ ಹೋಗಿದ್ದರು. ಕಾಯುತ್ತೇನೆ ಎಂದೆ. ಕಂಪ್ಯೂಟರಿನ ಹುಡುಗ ನಕ್ಕು, "ಯಾಕ್ ಸರ್ ಕಾಯ್ತೀರ, ಈಗಲೇ ಆಗುತ್ತೆ" ಎಂದ. ಪಿನ್ ಒತ್ತಿದ. ನೋಡದೆಯೇ ಒತ್ತಿದ, ಅಷ್ಟು ಅಭ್ಯಾಸ. ಸಾಹೇಬರ ಸಹಿ ಬಿತ್ತು. ಕಾಗದ ತೆಗೆದುಕೊಳ್ಳುವಾಗ ಡಾಂಗಲ್ ಕಡೆ ನೋಡಿದೆ. ಯುಎಸ್‌ಬಿ ಕಿಂಡಿಯಲ್ಲಿ ಕೂತಿತ್ತು. ಅದರ ಕುತ್ತಿಗೆಗೆ ಬಿಗಿದ ಸೆಣಬಿನ ದಾರ, ದಾರದ ಇನ್ನೊಂದು ತುದಿ ಕಂಪ್ಯೂಟರಿಗೇ.

"ಇದೇನಪ್ಪ ದಾರ?" ಎಂದೆ.

"ಯಾರಾದ್ರೂ ಎತ್ಕೊಂಡ್ ಹೋಗ್ಬಾರ್ದು ಅಂತ ಸರ್" ಎಂದ ಹುಡುಗ.